ಸಾತಾರನ ಹೊಲಿಗೆ, ಬುರುಲಳ ಕಾಲು

ಬುರುಲಳ ಅಹವಾಲು ಒಂದೇ: ದೇವರು ತನಗೆ ಕೊಟ್ಟ ಎರಡು ಕಾಲಲ್ಲಿ ಒಂದೂ ತನ್ನದಾಗಿ ಉಳಿದಿಲ್ಲ. ಮೂರು ವರ್ಷದಿಂದ ಎರಡೂ ಗಂಡನ ಹೊಲಿಗೆ ಯಂತ್ರದ ಪೆಡಲಿನ ಮೇಲೇ ಇವೆ.

ಗಂಡ ಸಾತಾರ್, ನರೀನ್ ಎಂಬ ಬೆಟ್ಟದೂರಿನಲ್ಲಿ ಬೂಟು ಹೊಲಿಯುವವನು. ಹಿಮದಲ್ಲಿ ಟ್ರಕ್ಕು ಮಗುಚಿ ಬಲಗಾಲು ಹೋಯಿತು, ಎಡಮಂಡಿ ಮಡಚುವುದನ್ನೇ ಮರೆತುಬಿಟ್ಟಿತು. ಕೈ ಮಾತ್ರ ಬಂಗಾರ. ಹಾಗಾಗಿ ಅವನು ಹೊಲಿಯುತ್ತಿದ್ದ, ಪಕ್ಕದಲ್ಲಿ ಕೂತು ಇವಳು ತುಳಿಯುತ್ತಿದ್ದಳು. ಇವಳು ಆಸೆಯಿಂದ ಶುರು ಮಾಡಿದ್ದ ಉಣ್ಣೆಯ ಜಮಖಾನ (ಟಗರಿನ ಕೊಂಬಿನ ಚಿತ್ತಾರದ್ದು, ಕೆಂಪು ಅಂಚು) ಅರ್ಧಕ್ಕೇ ನಿಂತು ಹಾಸಿಗೆಗಳ ಕೆಳಗೆ ಬಿದ್ದಿತ್ತು.

ದುಡಿಯುವ ಅಂಗವಿಕಲರಿಗೆ ಸರ್ಕಾರ ಗುಂಡಿ ಒತ್ತಿದರೆ ಓಡುವ ಯಂತ್ರ ಕೊಡುತ್ತದೆಂದು ತಿಳಿದದ್ದೇ ತಡ, ಬುರುಲ್ ಅರ್ಜಿ ಹಾಕಿಸಿದಳು. ಮನೆಗೆ ಅಧಿಕಾರಿ ಬರುವ ದಿನ ಬೆಳಿಗ್ಗೆಯೇ ಯುದ್ಧತಂತ್ರ ಸಿದ್ಧವಾಯಿತು.

"ನೋಡ್ರೀ, ಇವತ್ತು ಯಂತ್ರ ಮುಟ್ಟೋ ಹಾಗಿಲ್ಲ. ಕೆಲಸವೇ ಆಗ್ತಿಲ್ಲ ಅಂತ ಮುಖ ಜೋಲು ಹಾಕ್ಕೊಂಡು ಕೂತಿರಿ."

"ಜೋಲು ಹಾಕೋಕೆ ಬರಲ್ವಲ್ಲೇ ನಂಗೆ."

"ನನ್ನ ಅಡುಗೆ ನೆನೆಸ್ಕೊಳ್ಳಿ."

"ಆಗ ಬಾಯಲ್ಲಿ ನೀರೂರುತ್ತೆ ಕಣೇ."

ಇಂಥವನನ್ನು ಕಟ್ಟಿಕೊಂಡು ಯಾರು ತಾನೇ ಯುದ್ಧ ಗೆದ್ದಾರು?

ಅಧಿಕಾರಿ ಎಶಿಮ್ ಬಿಳಿಗಡ್ಡದ ಹಿರಿಯ. ಬಾಗಿಲಲ್ಲಿ ಬೂಟು ಕಳಚಿ ಒಳಗೆ ಬಂದು ಕೂತ. ಬರೀ ಟೀ ಕೊಟ್ಟು ಬಡತನ ತೋರಿಸಬೇಕೆಂದಿದ್ದಳು ಬುರುಲ್. ಹಾಳು ಕೈ ಕೇಳಬೇಕಲ್ಲ! ಕರಿದ ಹಿಟ್ಟಿನ ಬೋರ್ಸೋಕ್ ಉಂಡೆ, ಕೆನೆ, ಜರ್ದಾಳು ಹಣ್ಣಿನ ಜಾಮು, ಎಲ್ಲ ತಂದು ಸುರಿಯಿತು. ಎಶಿಮ್ ಗಂಭೀರವಾಗಿ ತಿನ್ನುತ್ತ ಫಾರಂ ತುಂಬತೊಡಗಿದ.

ಬಿಸಿನೀರು ತರಲು ಹೋದ ಬುರುಲ್ ಬಾಗಿಲ ಪಕ್ಕದ ಕೆಲಸದ ಕೋಣೆಗೆ ಇಣುಕಿದರೆ, ಸಾತಾರ್ ಅಧಿಕಾರಿಯ ಎಡಬೂಟು ಹಿಡಿದು ಕೂತಿದ್ದಾನೆ! ಅಟ್ಟೆ ಬಾಯಿ ತೆರೆದಿತ್ತು.

"ಅಯ್ಯೋ, ಏನ್ರೀ ಇದು!"

"ಬೂಟು ಹೊಲಿಯೋನ ಮನೆಗೆ ಬಂದ ಅತಿಥಿ ಬಾಯ್ಬಿಟ್ಟ ಬೂಟಲ್ಲಿ ವಾಪಸ್ ಹೋಗೋದಾ? ನಾಳೆ ಊರಲ್ಲಿ ತಲೆ ಎತ್ತೋದು ಹೇಗೆ?"

ಅದು ನಿಜವೇ. ಯಂತ್ರ ಬರಲಿ ಬಿಡಲಿ, ಅಂಥ ಅವಮಾನ ಬೇಡ. "ನಾಲ್ಕೇ ಹೊಲಿಗೆ, ಬೇಗ!" ಎಂದು ಕೂತು ತುಳಿದಳು. ನಾಲ್ಕು ನಲವತ್ತಾಯಿತು. ತಲೆ ಎತ್ತಿದರೆ ಎಶಿಮ್ ಕಾಲುಚೀಲದಲ್ಲೇ ಬಾಗಿಲಲ್ಲಿ ನಿಂತಿದ್ದ.

"ಕೆಲಸ ಜೋರಾಗೇ ನಡೀತಿದೆಯಲ್ಲಮ್ಮ."

ಬುರುಲ್ ಪೆಡಲಿನಿಂದ ಕಾಲು ಕಿತ್ತಳು. ಆದರೆ ಆತ ಬೈಯಲಿಲ್ಲ. "ಎರಡರಲ್ಲಿ ಒಂದು ಕೊಡ್ತೀವಿ. ಯಂತ್ರ, ಇಲ್ಲಾ ಸಹಾಯಕರಿಗೆ ಸಂಬಳ. ಯಂತ್ರ ಬರೋದು ಚಳಿಗಾಲ ಕಳೆದ ಮೇಲೆ. ಸಹಾಯಕಿ ಇಲ್ಲೇ ಕೂತಿದ್ದಾರೆ. ಯಾವುದು ಬರೀಲಿ?"

"ಯಂತ್ರ ಬರೀರಿ ಅಣ್ಣ," ಎಂದ ಸಾತಾರ್ ಥಟ್ಟನೆ. "ಇವಳ ಜಮಖಾನ ಮೂರು ವರ್ಷದಿಂದ ಹಾಗೇ ಬಿದ್ದಿದೆ. ಕಾಲು ನೋವಲ್ಲಿ ಒದ್ದಾಡ್ತಾಳೆ, ಕೇಳಿದ್ರೆ ಏನಿಲ್ಲ ಅಂತಾಳೆ. ನಾನೇನು ನೋಡಿಲ್ವಾ?"

ಬುರುಲ್ ಗಂಡನತ್ತ ತಿರುಗಿದಳು. ಸೂಜಿ ಬಿಟ್ಟು ಬೇರೇನೂ ಕಾಣದ ಮನುಷ್ಯ ಎಂದುಕೊಂಡಿದ್ದಳು. ಎಲ್ಲ ಕಂಡಿದ್ದ. ಬುದ್ಧಿ ಇದ್ದವಳು ಆಗ ಬಾಯಿ ಮುಚ್ಚಿಕೊಂಡು ಯಂತ್ರ ಪಡೆಯಬೇಕಿತ್ತು. ಆದರೆ ಬುರುಲಳಿಗೆ ಪ್ರೀತಿ ಉಕ್ಕಿದರೆ ಹೊರಗೆ ಬರುವುದು ಬೈಗುಳವಾಗಿಯೇ.

"ನಿಮ್ಮನ್ನ ಯಾರ್ರೀ ಕೇಳಿದ್ರು? ಬೂಟಿನ ಹಿಮ್ಮಡಿ ಹತ್ರ ನಿಧಾನ ಮಾಡ್ಬೇಕು ಅಂತ ಆ ಗುಂಡಿಗೆ ಗೊತ್ತಾಗುತ್ತಾ? ಬೆರಳು ಹೊಲ್ಕೊಂಡ್ರೆ? ಇಲ್ಲಿ ಕೊಡಿ ಅಣ್ಣ!" ಎಂದು ಫಾರಂ ಕಿತ್ತುಕೊಂಡು ಸಹಾಯಕಿಯೆಂದು ರುಜು ಜಡಿದೇಬಿಟ್ಟಳು.

ಷರತ್ತು ಓದಿದ್ದು ಆಮೇಲೆ. ಭಾನುವಾರ ಬಿಟ್ಟು ದಿನಾ ಒಂಬತ್ತರಿಂದ ಐದರವರೆಗೆ ಯಂತ್ರದ ಬಳಿ ಹಾಜರಿ. ಆ ಹೊತ್ತಲ್ಲಿ ಸ್ವಂತ ಕೆಲಸ ನಿಷಿದ್ಧ. ತನ್ನ ಕಾಲುಗಳನ್ನು ತಾನೇ ಸರ್ಕಾರಕ್ಕೆ ಬರೆದುಕೊಟ್ಟಿದ್ದಳು ಮಹಾತಾಯಿ! ಆದರೂ ಸೋಲೊಪ್ಪುವವಳೇ?

"ಆಗ್ಲಿ. ನಾನೀಗ ಸರ್ಕಾರಿ ನೌಕರಳು, ಕೇಳಿಸ್ತೇನ್ರೀ? ಇನ್ಮೇಲೆ ಟೀ ನೀವೇ ಮಾಡಿ."

ಸಾತಾರ್ ನಗುತ್ತ ಊರುಗೋಲಿಗೆ ಕೈ ಚಾಚಿದ. ಎಶಿಮ್, ಹೊಲಿದು ಮುಗಿದ ಬೂಟಿನೊಳಗೆ ಕಾಲು ತೂರಿಸುತ್ತಲೇ ಹಾಳೆ ತಿರುವಿದ. "ಐದನೇ ಷರತ್ತು ನೋಡಮ್ಮ. ಅರ್ಜಿದಾರರ ಊಟ, ಟೀ ಎರಡೂ ಸಹಾಯಕರ ಜವಾಬ್ದಾರಿ."

ಸಾತಾರ್ ಊರುಗೋಲನ್ನು ಮೆಲ್ಲಗೆ ಕೆಳಗಿಟ್ಟು ಹೆಂಡತಿಯತ್ತ ಖಾಲಿ ಟೀ ಬಟ್ಟಲು ಚಾಚಿದ.

"ಸರ್ಕಾರದ ಮಾತು ಮೀರೋಕಾಗುತ್ತಾ? ಕೆನೆ ಸ್ವಲ್ಪ ಜಾಸ್ತಿ ಹಾಕು."