ಟೇಪು, ಸ್ಲೈಡು ಮತ್ತು ನನ್ನ ಎದೆಬಡಿತ

ಲೈಬ್ರರಿ ಕೆಲಸವೆಂದರೆ ಸದ್ದಿಲ್ಲದ ಕೆಲಸ, ಹೆಣ್ಣುಮಕ್ಕಳ ಎದೆಗೆ ತಂಪು ಅಂತ ನಮ್ಮಪ್ಪ ನನ್ನನ್ನು ಆ ಓದಿಗೆ ಸೇರಿಸಿದ್ದರು. ಮಧುಗಿರಿಯ ಕಾಲೇಜಿಗೆ ಲೈಬ್ರರಿಯನ್ ಆಗಿ ಬಂದ ಮೊದಲ ಕೆಲವು ವರ್ಷ ಅವರ ಮಾತು ನಿಜವೂ ಆಗಿತ್ತು. ಎಂಬತ್ತರ ದಶಕ ಶುರುವಾಗುತ್ತಿದ್ದ ಹಾಗೆ ಮೇಲಿನಿಂದ ಒಂದು ಆದೇಶ ಬಂತು: ವಿದ್ಯಾರ್ಥಿಗಳು ಬರೀ ಓದಿದರೆ ಸಾಲದು, ತಾವೇ ಕಾರ್ಯಕ್ರಮಗಳನ್ನು ತಯಾರಿಸಬೇಕು. ಆದೇಶದ ಬೆನ್ನಿಗೇ ಒಂದು ಟೇಪ್ ರೆಕಾರ್ಡರು, ಒಂದು ಮೈಕು, ಒಂದು ಕ್ಯಾಮೆರಾ, ಒಂದು ಸ್ಲೈಡ್ ಪ್ರೊಜೆಕ್ಟರು ಬಂದವು. ಅವನ್ನು ಪುಸ್ತಕದ ಹಾಗೆಯೇ ಎರವಲು ಕೊಡುವುದು, ವಾಪಸು ಪಡೆಯುವುದು, ನಡುವೆ ಗಾಬರಿಬೀಳುವುದು ಮೂರೂ ನನ್ನ ಪಾಲಿಗೆ ಬಂದವು. ಗಾಬರಿಗಂತೂ ಯಾವತ್ತೂ ಕೊರತೆಯಾಗಲಿಲ್ಲ.

ಬೆಟ್ಟಕ್ಕೆ ಸೀಲು

ಮೊದಲು ಕ್ಯಾಮೆರಾ ಒಯ್ದವರು ಇತಿಹಾಸದ ಹುಡುಗರು. ಚನ್ನರಾಯನದುರ್ಗದ ಕೋಟೆ ಹತ್ತಿ, ಬಿಸಿಲಲ್ಲಿ ಬೆಂದು, ಒಂದು ರೋಲು ಪೂರ್ತಿ ಚಿತ್ರ ತೆಗೆದುಕೊಂಡು ಬಂದರು. ಅದನ್ನು ಬೆಂಗಳೂರಿಗೆ ಕಳಿಸಿ, ತೊಳೆಸಿ, ಸ್ಲೈಡುಗಳು ಕೈಗೆ ಬರುವಷ್ಟರಲ್ಲಿ ತಿಂಗಳು ಕಳೆದಿತ್ತು. ಒಂದೊಂದೂ ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಪುಟ್ಟದು.

ನಮ್ಮ ಲೈಬ್ರರಿಯ ಅಟೆಂಡರು ಪಟ್ಟನಾಯಕನಹಳ್ಳಿ ಕಡೆಯವರು, ವಯಸ್ಸಾದವರು, ಹೇಳಿದ ಕೆಲಸವನ್ನು ಚಾಚೂತಪ್ಪದೆ ಮಾಡುವವರು. "ಇವನ್ನ ರಿಜಿಸ್ಟರಿಗೆ ಏರಿಸಿ ಸೀಲ್ ಹೊಡೆದಿಡಿ" ಅಂತ ಅಭ್ಯಾಸಬಲದಿಂದ ಹೇಳಿ ನಾನು ಊಟಕ್ಕೆ ಹೋದೆ. ಸೀಲು ಅಂದಾಗ ನನ್ನ ಮನಸ್ಸಿನಲ್ಲಿದ್ದದ್ದು ಸ್ಲೈಡಿನ ಡಬ್ಬಿ.

ಪ್ರದರ್ಶನದ ದಿನ ಕಿಟಕಿಗಳನ್ನೆಲ್ಲ ಮುಚ್ಚಿ ಕತ್ತಲು ಮಾಡಿದೆವು. ಗೋಡೆಯ ಮೇಲೆ ದುರ್ಗದ ಬೆಟ್ಟ ಎದ್ದು ನಿಂತಿತು. ಅದರ ನೆತ್ತಿಯ ಮೇಲೆ, ಸೂರ್ಯ ಇರಬೇಕಾದ ಜಾಗದಲ್ಲಿ, ನಮ್ಮ ಕಾಲೇಜಿನ ನೇರಳೆ ಬಣ್ಣದ ಗುಂಡು ಸೀಲು! ಮುಂದಿನದು ಕೋಟೆ ಬಾಗಿಲು. ಬಾಗಿಲು ತುಂಬ ಸೀಲು. ಅದರ ಮುಂದಿನದು ಸಾಲಾಗಿ ನಿಂತ ಹುಡುಗರು; ನಡುವೆ ನಿಂತವನಿಗೆ ಮುಖವೇ ಇಲ್ಲ. "ಮೇಡಂ, ಅದು ನಾನು!" ಅಂತ ಕತ್ತಲಲ್ಲಿ ಒಂದು ಧ್ವನಿ ಕಿರುಚಿತು.

ದೀಪ ಹಾಕಿಸಿ ಅಟೆಂಡರನ್ನು ಕರೆದೆ. "ಏನ್ರೀ ಇದು ಅನಾಹುತ?"

ಅವರು ತಣ್ಣಗೆ ಹೇಳಿದರು: "ಪುಸ್ತಕಕ್ಕಾದ್ರೆ ಎರಡು ಕಡೆ ಹೊಡೀತೀವಿ. ಇದ್ರಾಗೆ ಜಾಗ ಇರ್ಲಿಲ್ಲ, ಒಂದೇ ಹೊಡ್ದೆ. ಇನ್ನೇನೂ ಭಯ ಇಲ್ಲ ಬುಡಿ ಅಮ್ಮಾ. ಆ ಬೆಟ್ಟನ ಇನ್ಯಾವ ಕಾಲೇಜ್ನೋರೂ ನಮ್ದು ಅನ್ನಂಗಿಲ್ಲ."

ಉಳುಕಿದ ಸೊಂಟ

ಆಮೇಲೆ ಸ್ಲೈಡು ಮುಟ್ಟುವ ಹಕ್ಕನ್ನು ನನ್ನೊಬ್ಬಳಿಗೇ ಇಟ್ಟುಕೊಂಡೆ. ಅಪಾಯ ಸೀಲಿನಲ್ಲಷ್ಟೇ ಇಲ್ಲ, ಚಿತ್ರದಲ್ಲೂ ಇರುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಇಬ್ಬರು ಹುಡುಗಿಯರು "ನಮ್ಮ ಸುತ್ತಮುತ್ತಲ ಊರುಗಳು" ಅಂತ ಒಂದು ಸ್ಲೈಡ್ ಕಾರ್ಯಕ್ರಮ ಮಾಡಿದರು. ನೋಡಲು ಪ್ರಿನ್ಸಿಪಾಲರು, ಮೇಷ್ಟರುಗಳು ಎಲ್ಲ ಬಂದು ಮುಂದಿನ ಸಾಲಿನಲ್ಲಿ ಕೂತರು. ಪ್ರೊಜೆಕ್ಟರು ನನ್ನ ಕೈಯಲ್ಲಿ. ಶಿರಾದ ಕೆರೆ ಬಂತು, ಪಾವಗಡದ ಬಂಡೆ ಬಂತು. ಎಲ್ಲರೂ ತಲೆದೂಗಿದರು. ಆಮೇಲೆ ಗೊರವನಹಳ್ಳಿಗೆ ಜನ ತುಂಬಿಕೊಂಡು ಬಂದ ಒಂದು ಬಸ್ಸು. ಬಸ್ಸಿನ ಹಿಂದಿನ ಏಣಿಯಲ್ಲಿ, ಹೆಗಲ ಮೇಲೆ ಒಂದು ಭಾರಿ ಹಲಸಿನಹಣ್ಣು ಹೊತ್ತು, ಒಂದೇ ಕೈಯಲ್ಲಿ ಜೋತಾಡುತ್ತ, ನಮ್ಮ ದೈಹಿಕ ಶಿಕ್ಷಣದ ಮೇಷ್ಟರು!

ಚಿತ್ರ ತೆಗೆದ ವಾರ ಅವರು ಸೊಂಟ ಉಳುಕಿ ಹಾಸಿಗೆಯಿಂದ ಏಳಲಾಗದೆ ರಜದಲ್ಲಿದ್ದದ್ದು ಇಡೀ ಕಾಲೇಜಿಗೆ ಗೊತ್ತು. ನನ್ನ ಎದೆ ಧಸಕ್ಕೆಂದಿತು. ಸ್ಲೈಡು ಮುಂದೆ ತಳ್ಳಿದೆ, ಹೋಗಲಿಲ್ಲ. ಹಿಂದೆ ಎಳೆದೆ, ಬರಲಿಲ್ಲ. ಸಿಕ್ಕಿಹಾಕಿಕೊಂಡಿತ್ತು. ಗೋಡೆಯ ಮೇಲೆ ಮೇಷ್ಟರು ನೇತಾಡುತ್ತಲೇ ಇದ್ದರು. ಗೋಡೆಯ ಕೆಳಗೆ ಅದೇ ಮೇಷ್ಟರು ಕುರ್ಚಿಯಲ್ಲಿ ಕುಗ್ಗುತ್ತಲೇ ಇದ್ದರು.

ಪ್ರಿನ್ಸಿಪಾಲರು ನಿಧಾನವಾಗಿ ತಿರುಗಿದರು. "ಇದೇನ್ರೀ ಮೇಷ್ಟ್ರೇ?"

"ಸಾರ್, ಅಲ್ಲಿಂದ ಇಳಿಯುವಾಗಲೇ ಸಾರ್ ಸೊಂಟ ಉಳುಕಿದ್ದು."

"ನಿಮ್ಮ ರಜಾ ಅರ್ಜಿ ಅದರ ಹಿಂದಿನ ದಿನದ್ದಲ್ವೇನ್ರೀ?"

ಮೇಷ್ಟರು ಎದ್ದು ನಿಂತು, ಕವಾಯತಿನ ದನಿಯಲ್ಲಿ ಹೇಳಿದರು: "ಮುನ್ನೆಚ್ಚರಿಕೆ ಸಾರ್!"

ಪಾಟ ಹೋಯ್ತು

ಪಾವಗಡದಾಚೆ, ಗಡಿಯ ಹತ್ತಿರದ ಒಂದು ಹಟ್ಟಿಯಲ್ಲಿ ಕುರಿ ಕಾಯುವ ಮನೆಯ ಅಜ್ಜಿಯೊಬ್ಬರು ರಾಗಿ ಬೀಸುವ ಪದಗಳನ್ನು ಬಲು ಚೆನ್ನಾಗಿ ಹಾಡುತ್ತಾರೆಂದು ಕೇಳಿ, ಟೇಪ್ ರೆಕಾರ್ಡರು ಹೊತ್ತು ನಾನೂ ಮೂವರು ವಿದ್ಯಾರ್ಥಿನಿಯರೂ ಹೋದೆವು. ಅಜ್ಜಿ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ನಮ್ಮನ್ನು ಉಪಚರಿಸಿ, ಮಜ್ಜಿಗೆ ಕೊಟ್ಟು, ಕಣ್ಣು ಮುಚ್ಚಿ ಹಾಡಿದರು. ಹಾಡಿಗೆ ಅವರ ಬಾಯಲ್ಲಿ 'ಪಾಟ'. ಹಾಡಿ ಮುಗಿದ ಮೇಲೆ, ಖುಷಿಪಡಲಿ ಅಂತ ನಾನು ಅದನ್ನೇ ಹಾಕಿ ಕೇಳಿಸಿದೆ.

ಪೆಟ್ಟಿಗೆಯೊಳಗಿಂದ ತಮ್ಮದೇ ದನಿ ಬಂದದ್ದೇ ತಡ, ಅಜ್ಜಿ ಬೆಚ್ಚಿಬಿದ್ದು ಗೋಡೆಗೆ ಒರಗಿದರು. "ಅಯ್ಯೋ ದೇವುಡಾ! ನನ್ನ ಪಾಟ ಅದರೊಳೀಕ್ಕೆ ಹೋಗ್ಬುಡ್ತು!" ಅಂದವರೇ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಉಳಿದ ಮಾತೂ ಹೋದೀತು ಅಂತ ಭಯ. ಏನು ಕೇಳಿದರೂ ಮಾತಿಲ್ಲ. ಹಟ್ಟಿಯವರೆಲ್ಲ ಸೇರಿದರು. ದೊಡ್ಡ ಮಗ ಕುರಿ ಅಟ್ಟುವ ಕೋಲು ಹಿಡಿದೇ ಬಂದ. "ಅವ್ವನ ಗಂಟ್ಲು ಏನ್ ಮಾಡುದ್ರಮ್ಮ? ಮಾತಾಡಿಸ್ಬುಟ್ಟು ಹೋಗ್ರಿ, ಇಲ್ದಿದ್ರೆ ಆ ಪೆಟ್ಗೆ ಇಲ್ಲೇ ಇರ್ಲಿ."

ಪೆಟ್ಟಿಗೆ ಬಿಟ್ಟು ಹೋದರೆ ಕಾಲೇಜಿಗೆ ಏನು ಉತ್ತರ? ಅಜ್ಜಿ ನಿಜವಾಗಿಯೂ ಮಾತಾಡದೇ ಹೋದರೆ ದೇವರಿಗೇನು ಉತ್ತರ? "ಅಜ್ಜೀ, ಏನೂ ಹೋಗಿಲ್ಲ, ಒಂದು ಮಾತಾಡಿ" ಅಂತ ಗೋಗರೆದೆ. ಅಜ್ಜಿ ತಲೆ ಅಲ್ಲಾಡಿಸಿದರು.

ನಮ್ಮ ಜೊತೆಗಿದ್ದ ಕೊರಟಗೆರೆಯ ಹುಡುಗಿ ಮಾತ್ರ ಹೆದರಲಿಲ್ಲ. ಬೀಸುವ ಕಲ್ಲಿನ ಮುಂದೆ ಹೋಗಿ ಕೂತು, ಆಗಷ್ಟೇ ಕೇಳಿದ ಪದವನ್ನು ಬೇಕಂತಲೇ ತಪ್ಪು ತಪ್ಪಾಗಿ ಹಾಡತೊಡಗಿದಳು. ಅಜ್ಜಿಯ ಹುಬ್ಬು ಗಂಟಿಕ್ಕಿತು. ಎರಡನೇ ಸಾಲಿಗೆ ಕಾಲು ಚಡಪಡಿಸಿತು. ಮೂರನೇ ಸಾಲಿಗೆ ಕೈ ಬಾಯಿಂದ ಹಾರಿತು. "ಥೂ! ಅದು ಅಂಗಲ್ಲ ಕಣಮ್ಮ!" ಅಂತ ಗದರಿ, ಇಡೀ ಪದವನ್ನು ಶುರುವಿನಿಂದ ಕೊನೆಯವರೆಗೆ ಹಾಡಿಬಿಟ್ಟರು. ಹಾಡಿ ಮುಗಿಸಿ, ತಮ್ಮ ಗಂಟಲು ಮುಟ್ಟಿ ನೋಡಿಕೊಂಡು, "ಐತೆ, ನಂತಾವೂ ಐತೆ" ಅಂತ ಮಕ್ಕಳಂತೆ ನಕ್ಕರು. ಕೋಲು ಕೆಳಗಿಳಿಯಿತು. ನನ್ನ ಉಸಿರೂ ಕೆಳಗಿಳಿಯಿತು.

ಹೊರಡುವಾಗ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ ಹೇಳಿದರು: "ನಿಮ್ಮ ಪೆಟ್ಗೆ ಜಾಣ ಐತೆ, ಒಂದೇ ಸಲಕ್ಕೆ ಕಲ್ತ್ಕೊಂಡ್ತು. ಆ ಹುಡುಗೀಗೇ ಏನೂ ಬರಾಕಿಲ್ಲ."

ಸುತ್ತೋಲೆ

ಇದೊಂದನ್ನು ಹೇಳುವಾಗ ಈಗಲೂ ನನ್ನ ಕೈ ಮುಟ್ಟಿ ನೋಡಿಕೊಳ್ಳುತ್ತೇನೆ.

ಹುಡುಗಿಯರ ಒಂದು ಗುಂಪು ಧ್ವನಿನಾಟಕ ತಯಾರಿಸುತ್ತಿತ್ತು. ಹಳ್ಳಿಯೊಂದರ ಟೀಚರಮ್ಮ ತೀರಿಕೊಳ್ಳುವುದು ಅದರ ಕಥೆ. ಹೊರಗಿನ ಸದ್ದು ಬರಬಾರದೆಂದು ಲೈಬ್ರರಿಯ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ, ಯಾರು ಬಡಿದರೂ ತೆಗೆಯಕೂಡದು ಅಂತ ನಾನೇ ಅಪ್ಪಣೆ ಕೊಟ್ಟಿದ್ದೆ. ಅವತ್ತು ಬೆಳಿಗ್ಗೆಯಿಂದ ನನಗೆ ಸ್ವಲ್ಪ ತಲೆಸುತ್ತು. ಅದನ್ನು ಅಟೆಂಡರ ಹತ್ತಿರ ಹೇಳಿಯೂ ಇದ್ದೆ. ಅವರು ಟೀ ಕುಡಿಯಲು ಹೋಗಿದ್ದಾಗ ನಾನು ಅಂಚೆ ಕಚೇರಿಗೆ ಹೋದೆ.

ಅವರು ವಾಪಸು ಬಂದು ಕೇಳಿದ್ದು ಆ ಗುಂಪಿನಲ್ಲಿದ್ದ ಶಿರಾದ ಹುಡುಗಿಯೊಬ್ಬಳ ದನಿ. ಅವಳ ಗಂಟಲಿಗೆ ಮೈಕೇ ಬೇಕಿರಲಿಲ್ಲ. "ಅಯ್ಯೋ, ಹೋಗ್ಬುಟ್ರಲ್ಲಪ್ಪೋ ನಮ್ಮ ಮೇಡಮ್ಮು! ಕಣ್ಣು ಬುಡ್ರಮ್ಮೋ!" ಹಿಂದೆ ನಾಲ್ಕು ಹುಡುಗಿಯರ ಗೋಳು. ಅಟೆಂಡರು ಬಾಗಿಲು ಬಡಿದರು, ತೆಗೆಯಲಿಲ್ಲ. ಓಡಿ ಪ್ರಿನ್ಸಿಪಾಲರಿಗೆ ಸುದ್ದಿ ಮುಟ್ಟಿಸಿದರು: "ಲೈಬ್ರರಿ ಅಮ್ಮೋರು ಹೋಗ್ಬುಟ್ರು ಸಾರ್! ಒಳಗೆ ಹೆಣ್ಮಕ್ಳು ಎದೆ ಬಡ್ಕಂಡು ಅಳ್ತಾವ್ರೆ!"

ಪ್ರಿನ್ಸಿಪಾಲರಿಗೆ ಹೆಣ ನೋಡುವ ಧೈರ್ಯ ಇರಲಿಲ್ಲ. ಸುತ್ತೋಲೆ ಬರೆಯುವ ಧೈರ್ಯ ಇತ್ತು.

ನಾನು ಬರುವಷ್ಟರಲ್ಲಿ ಲೈಬ್ರರಿ ಮುಂದೆ ಬೀದಿಯ ಜನವೆಲ್ಲ ಸೇರಿತ್ತು. ನುಗ್ಗಲು ಹೋದರೆ ಒಬ್ಬ ಹೂವಿನವಳು ತಡೆದಳು. "ನೂಕ್ಬೇಡಿ ಕಣಮ್ಮ, ನಾವೂ ನೋಡಾಕೇ ನಿಂತಿರಾದು."

"ಯಾರು ಹೋದ್ರು?"

"ಲೈಬ್ರರಿ ಮೇಡಮ್ಮು. ಕಾಲೇಜಿಗೇ ರಜಾ ಕೊಟ್ಟವ್ರೆ. ಪಾಪ, ಒಳ್ಳೇವ್ರಂತೆ. ಒಸಿ ಸಿಡುಕಂತೆ."

ಬೆಳಗಿನ ತಲೆಸುತ್ತು ನೆನಪಾಗಿ, ಎಲ್ಲೋ ನಿಜವೇ ಇರಬಹುದೇನೋ ಅನ್ನಿಸಿ ಕೈ ಚಿವುಟಿಕೊಂಡೆ. ನೋವಾಯಿತು, ಜೀವ ಬಂತು. "ಹೆಣ್ಮಕ್ಳಾ, ಬಾಗಿಲು ತೆಗೀರೇ!" ಅಂತ ಕೂಗಿದೆ. ನನ್ನ ದನಿ ಗುರುತಿಸಿ ಶಿರಾದ ಹುಡುಗಿ ಬಾಗಿಲು ತೆಗೆದು, ಇಷ್ಟು ಜನ ನೋಡಿ ಕಣ್ಣರಳಿಸಿದಳು. "ಅರೇ! ಯಾರು ಹೋದ್ರು ಮೇಡಂ?"

ನೇರ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ನನ್ನನ್ನು ಕಂಡು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. ನಾಟಕದ ವಿಷಯ ತಿಳಿಸಿ, "ರಜಾ ವಾಪಸು ತಗೊಳ್ಳಿ ಸಾರ್" ಅಂದೆ.

"ಎಲ್ಲಿಂದ ತಗೊಳ್ಳಲಿ? ಹುಡುಗರೆಲ್ಲ ಕೊರಟಗೆರೆ ಬಸ್ಸು ಹತ್ತಿಯಾಯ್ತು."

ಅಷ್ಟರಲ್ಲಿ ಅಟೆಂಡರು ಸುತ್ತೋಲೆಯ ಪುಸ್ತಕ ಹಿಡಿದು ಬಂದರು. ನನ್ನನ್ನು ನೋಡಿ ಬಾಗಿಲಲ್ಲೇ ಕಲ್ಲಾದರು. ಕಣ್ಣೊರೆಸಿಕೊಂಡು, ಕೈಮುಗಿದು, ಮತ್ತೆ ಕೆಲಸ ನೆನಪಾಗಿ ಪುಸ್ತಕವನ್ನು ನನ್ನ ಮುಂದೆ ಚಾಚಿದರು. "ಎಲ್ರದೂ ಆಗೈತೆ ಅಮ್ಮಾ. ನಿಮ್ದೊಂದು ಸಹಿ ಬಾಕಿ."

ಓದಿದೆ. "ನಮ್ಮ ಗ್ರಂಥಪಾಲಕಿಯವರು ಇಂದು ಹಠಾತ್ತನೆ ದೈವಾಧೀನರಾದ ಪ್ರಯುಕ್ತ ಕಾಲೇಜಿಗೆ ರಜೆ. ಸಿಬ್ಬಂದಿಯೆಲ್ಲರೂ ತಪ್ಪದೆ ಗಮನಿಸಿ ಸಹಿ ಮಾಡತಕ್ಕದ್ದು."

ಪ್ರಿನ್ಸಿಪಾಲರ ಮುಖ ನೋಡಿದೆ. ಅವರು ಬಲು ದೀನವಾಗಿ ಹೇಳಿದರು: "ಒಂದು ಸಹಿ ಕಮ್ಮಿಯಾದ್ರೆ ನಾಳೆ ಮೇಲಿನವರು ಕೇಳ್ತಾರೆ ಮೇಡಂ."

ಪೆನ್ನು ತೆಗೆದುಕೊಂಡು, "ಗಮನಿಸಿದ್ದೇನೆ" ಅಂತ ಬರೆದು ಸಹಿ ಹಾಕಿದೆ.