ಸೋದರತ್ತೆಯ ಮಣ್ಣಿಗೆ ಆಳಿಲ್ಲ

ಸೋದರತ್ತೆ ಸೇಲು ತೀರಿಕೊಂಡ ಮರುದಿನ ಬೆಳಿಗ್ಗೆ ನೋಡಿದರೆ, ಗುಂಡಿ ತೋಡಲು ಊರಿನಲ್ಲಿ ಗಂಡಸರೇ ಇರಲಿಲ್ಲ.

ಇದಕ್ಕೆಲ್ಲ ಮೂಲ ಅವಳ ಅಣ್ಣನ ಮಗ ಹೊಸಿಯಾನೇ. ನ್ಯೂಜಿಲೆಂಡಿನಲ್ಲಿ ಡಾಕ್ಟರೇಟು ಮಾಡಿ ಬಂದು ಟೊಂಗಾ ದ್ವೀಪದೇಶದ ರಾಜಧಾನಿ ನುಕುಅಲೋಫಾದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದ. ಅಲ್ಲಿಯ ಹಳ್ಳಿಗಳಲ್ಲಿ ಕೆಲಸವಿಲ್ಲದೆ ಕೂತ ಕೈಗಳು ವಿಪರೀತ, ಅವರನ್ನು ಆಸ್ಟ್ರೇಲಿಯಾದ ಹಣ್ಣಿನ ತೋಟಗಳಿಗೆ ಕಳಿಸಿ ಎಂದು ಸಂಶೋಧನೆ ನಡೆಸಿ ಸರಕಾರಕ್ಕೆ ಸಲಹೆ ಕೊಟ್ಟಿದ್ದ. ಯಾರ ಮಾತನ್ನೂ ಕೇಳದ ಸರಕಾರ ಇವನ ಮಾತು ಕೇಳಿಬಿಟ್ಟಿತು. ಗಟ್ಟಿಮುಟ್ಟಾದವರೆಲ್ಲ ವಿಮಾನ ಹತ್ತಿದರು. ಅತ್ತೆಯ ಒಬ್ಬನೇ ಮಗನೂ ಅಲ್ಲಿ ಸೇಬು ಕೀಳುತ್ತಿದ್ದ. ತಾಯಿಯ ಮಣ್ಣಿಗೆ ಬರಲು ರಜೆ ಸಿಗಲಿಲ್ಲ.

ಟೊಂಗಾದ ರೂಢಿಯಲ್ಲಿ ಸೋದರತ್ತೆಯ ಸಾವಿಗೆ ಅಣ್ಣನ ಮಕ್ಕಳೇ ಆಳುಗಳು. ಹೊಸಿಯಾ ಶೋಕಕ್ಕೆಂದು ಉಡುವ ಹರಕು ಚಾಪೆಯನ್ನು ಎದೆಮಟ್ಟ ಸುತ್ತಿಕೊಂಡು ಗುದ್ದಲಿ ಹಿಡಿದ. ಸುತ್ತಿಟ್ಟ ಹಾಸಿಗೆಗೆ ತಲೆ ಮೂಡಿದ ಹಾಗೆ ಕಾಣುತ್ತಿದ್ದ. ಜೊತೆಗಿದ್ದವರು ಮಂಡಿನೋವಿನ ಪಾದ್ರಿಯೊಬ್ಬರೇ. ಮೇಲೆ ಮರಳು, ಕೆಳಗೆ ಹವಳದ ಕಲ್ಲು. ಗುದ್ದಲಿ ಕಾವಿನಿಂದ ಕಳಚಿ ಪಾದ್ರಿಗಳ ಕಾಲ ಬಳಿ ಬಿತ್ತು. ಅವರು ದೇವರನ್ನು ನೆನೆದು ನೆರಳಿಗೆ ಸರಿದರು.

ನೆರೆಮನೆಯ ಮುದುಕಿ ಅತೇಲೈತಿ ಬೇಲಿಗೊರಗಿ ನೋಡುತ್ತಿದ್ದಳು. "ಕೀಳೋಕೆ ಅಷ್ಟು ಜನಾನ ಕಳ್ಸಿದ್ಯಲ್ಲೋ ಹೊಸಿಯಾ. ಹೂಳೋಕೆ ಅಂತ ನಾಲ್ಕು ಜನಾನಾದ್ರೂ ಇಟ್ಕೋಬಾರ್ದಿತ್ತಾ?"

ಹೊಸಿಯಾ ತಲೆ ಬಗ್ಗಿಸಿ ಅಗೆದ. ತಾಯಿಯಿಲ್ಲದ ತನ್ನನ್ನು ಚಾಪೆ ಹೆಣೆದು ಮಾರಿ ಓದಿಸಿದ ಅತ್ತೆ. ಅವಳು ಮಲಗುವಷ್ಟು ಜಾಗ ಅಗೆದುಕೊಡಲೂ ತನ್ನಿಂದ ಆಗಲಿಲ್ಲವಲ್ಲ ಎಂದು ಕಣ್ಣು ತುಂಬಿ ಬಂತು. ಬೆವರು ಒರೆಸಿಕೊಳ್ಳುವ ನೆಪದಲ್ಲಿ ಕಣ್ಣೂ ಒರೆಸಿಕೊಂಡ.

ಮೊಣಕಾಲುದ್ದದ ಗುಂಡಿಯಲ್ಲಿ ಅವನು ಕುಸಿದು ಕೂತಾಗ ಹೆಂಡತಿ ಲೋಸಾ ಬಟ್ಟೆ ಮೇಲೆ ಕಟ್ಟಿಕೊಂಡು ಗುದ್ದಲಿ ಕಿತ್ತುಕೊಂಡಳು. ಹಿಂದೆಯೇ ಕೇರಿಯ ಹೆಂಗಸರೆಲ್ಲ ಇಳಿದರು. ಹಿಂದೆಂದೂ ಮಾಡದ ಕೆಲಸವನ್ನು ಪ್ರಾರ್ಥನೆಯ ಹಾಡು ಹೇಳಿಕೊಂಡೇ ಮುಗಿಸಿದರು. ಪೆಟ್ಟಿಗೆಗೂ ಅವರೇ ಹೆಗಲು ಕೊಟ್ಟರು.

ಮಣ್ಣಾಗಿ ಊಟವೂ ಆದ ಮೇಲೆ ಹೊಸಿಯಾ ಹೆಂಡತಿಯ ಬಳಿ ಹೋದ. ನಾಳೆಯೇ ಮಂತ್ರಿಗಳನ್ನು ಕಂಡು, ತನ್ನದು ತಪ್ಪಾಯಿತು, ಹೋದವರನ್ನೆಲ್ಲ ವಾಪಸು ಕರೆಸಿ ಎಂದು ಕೇಳಿಕೊಳ್ಳುತ್ತೇನೆ ಎಂದ.

ಲೋಸಾ ಉಗುರಿನೊಳಗಿನ ಮಣ್ಣು ತೆಗೆಯುತ್ತಿದ್ದಳು. "ಸ್ವಲ್ಪ ತಡೀರಿ. ಫೋಟು ಬಂದಿದ್ದ."

ಫೋಟು ಎಂದರೆ ತೋಟಗಳಿಗೆ ಆಳು ಆರಿಸುವ ಏಜೆಂಟು. ಸಂತಾಪ ಹೇಳಲು ಬಂದವನು ಬೆಳಗಿನಿಂದ ದೀವಿಹಲಸಿನ ಮರದಡಿ ಕೂತಿದ್ದ.

"ನಾವು ಅಗೆದದ್ದು ನೋಡಿ ಅವ್ನಿಗೆ ತುಂಬಾ ಹಿಡಿಸ್ತಂತೆ. ಕೇರಿ ಹೆಂಗಸರನ್ನೆಲ್ಲ ಆರಿಸ್ಕೊಂಡ. ಸ್ಟ್ರಾಬೆರಿ ತೋಟ."

"ನಿನ್ನನ್ನೂನಾ?"

"ಮೊದಲು ನನ್ನನ್ನೇ."

ಹೊಸಿಯಾ ಚಾಪೆಯಲ್ಲೇ ತೊಡರುತ್ತ ರಸ್ತೆಗೆ ಓಡಿದ. ಫೋಟು ವ್ಯಾನು ಹತ್ತುತ್ತಿದ್ದ. ನನ್ನ ಹೆಸರನ್ನೂ ಸೇರಿಸಿಕೊ, ಹೆಂಡತಿಯಿದ್ದ ಕಡೆ ನಾನೂ ಇರುತ್ತೇನೆ ಎಂದು ಅವನ ತೋಳು ಹಿಡಿದುಕೊಂಡ.

ಫೋಟು ಅವನನ್ನು ಮರುಕದಿಂದ ನೋಡಿದ.

"ಬೇಜಾರು ಮಾಡ್ಕೋಬೇಡಿ ಸಾರ್," ಎಂದು ಸಾವಿನ ಮನೆಯ ದನಿಯಲ್ಲೇ ಮೆಲ್ಲಗೆ ಹೇಳಿದ, "ಬೆಳಿಗ್ಗೆಯಿಂದ ನಿಮ್ಮನ್ನೂ ನೋಡ್ತಾನೇ ಇದ್ದೆ."