ಎರಡು ಪರದೆ ನಡುವೆ ಸಿಕ್ಕಿಕೊಂಡ ಬೀಗರು

ಚಾಮರಾಜನಗರದಲ್ಲಿ ನನ್ನ ಸೊಸೆ ರತ್ನ ಲಗ್ನಪತ್ರಿಕೆ ಮಾಡಿಕೊಡೋ ಅಂಗಡಿ ಇಟ್ಟಿದ್ದಾಳೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನಗೆ ಅಲ್ಲಿ ಬಂದವರಿಗೆ ಕಳ್ಳೆಪುರಿ ಕೊಡೋ ಕೆಲಸ. ಅವತ್ತು ಅವಳು ಬೇರೆಯವರ ಕಾರ್ಡ್ ಕೊಡೋಕೆ ಗುಂಡ್ಲುಪೇಟೆಗೆ ಹೊರಟಳು.

"ಅತ್ತೆ, ಹರವೆಯಿಂದ ಗಂಡಿನ ಅಪ್ಪ, ಚಂದಕವಾಡಿಯಿಂದ ಹೆಣ್ಣಿನ ಅಪ್ಪ ಬತ್ತಾರೆ. ಕಾರ್ಡು ಟೇಬಲ್ ಮೇಲದೆ. ತೋರ್ಸಿ, ಹೂಂ ಅನ್ನಿಸ್ಕಳಿ. ಬೇರೇನೂ ಮುಟ್ಬೇಡಿ."

"ಆರು ಮದ್ವೆ ಮಾಡ್ದೋಳು ನಾನು. ಒಂದು ಕಾರ್ಡು ತೋರ್ಸಕ್ಕಾಗಲ್ವಾ? ಓಗು!" ಅಂದೆ.

ಬೀಗರು ಬಂದು ಟೇಬಲ್ ಮುಂದೆ ಆ ತುದಿಗೊಬ್ಬರು ಈ ತುದಿಗೊಬ್ಬರು ಕೂತರು. ಟೇಬಲ್ ಮೇಲೆ ಕಂಪ್ಯೂಟರಿನ ಎರಡು ಪರದೆ. ಎಡಗಡೆ ಹೊಸದು, ಬಲಗಡೆ ಹಳೇದು. ಕಾರ್ಡು ಎಡಗಡೆದರಲ್ಲಿ ಕಾಣ್ತಿತ್ತು. ಒಂದರಲ್ಲೇ ತೋರಿಸಿದರೆ ಒಬ್ಬರು ಕತ್ತು ಚಾಚಬೇಕು. ಅದು ಮರ್ಯಾದೆಯಲ್ಲ! ರತ್ನ ಮಾಡೋದನ್ನ ನೋಡಿದ್ದೆನಲ್ಲ, ಮೌಸು ಹಿಡಿದು ಕಾರ್ಡನ್ನ ಎಳೆದು ನಟ್ಟನಡುವೆ ನಿಲ್ಲಿಸಿದೆ. ಗಂಡಿನ ಕಡೆ ಹೆಸರು ಎಡಗಡೆ ಪರದೆಗೆ, ಹೆಣ್ಣಿನ ಕಡೇದು ಬಲಗಡೆಗೆ. ನ್ಯಾಯ ಅಂದರೆ ಹಿಂಗಿರಬೇಕು!

ಹರವೆಯವರು ಕನ್ನಡಕ ಹಾಕಿಕೊಂಡರು. ಮುಖ ಕೆಂಪಾಯಿತು.

"ಏನಮ್ಮ ಇದು? ನಮ್ಮಪ್ಪನ ಹೆಸ್ರು ಸಾಸಿವೆ ಕಾಳಂಗದೆ, ಅವ್ರಪ್ಪಂದು ಕುಂಬಳಕಾಯಂಗದೆ!"

"ನಾನೇನೂ ಹೇಳಿ ಬರೆಸಿಲ್ಲ ಕಣಪ್ಪ," ಅಂದರು ಚಂದಕವಾಡಿಯವರು. ಮೀಸೆಯೊಳಗೆ ಮಾತ್ರ ನಗುತ್ತಿದ್ದರು.

"ನಗ್ತೀರಾ? ಈ ಸಂಬಂಧವೇ ಬ್ಯಾಡ, ಓಗಿ!"

ಅಯ್ಯೋ! ಕಾರ್ಡು ತೋರಿಸು ಅಂದರೆ ಮದುವೆ ಮುರೀತಾ ಕೂತಿದೀನಿ! ರತ್ನಂಗೆ ಫೋನ್ ಮಾಡಿ, ಒಂದು ಪರದೇಲಿ ಹೆಸರು ಸಣ್ಣ, ಇನ್ನೊಂದರಲ್ಲಿ ದಪ್ಪ ಅಂತ ಹೇಳಿದೆ.

"ಅತ್ತೆ, ಎರಡು ಪರದೆದೂ ಅಳತೆ ಬೇರೆ. ಒಂದ್ರಲ್ಲಿ ಅಕ್ಷರ ಸಣ್ಣಕೆ, ಒಂದ್ರಲ್ಲಿ ದಪ್ಪಕೆ ಕಾಣ್ತದೆ ಅಷ್ಟೆ. ನೀವು ಸೆಟ್ಟಿಂಗು ಗಿಟ್ಟಿಂಗು ಅಂತ..."

ಬಸ್ಸಿನ ಗದ್ದಲದಲ್ಲಿ ಫೋನ್ ಕಟ್ಟಾಯಿತು. ಮುಂದಿನ ಮಾತು "ಮುಟ್ಬೇಡಿ" ಅಂತ ಇರಬೇಕು. ನಾನು ಮುಟ್ಟಿದೆ.

ಸೆಟ್ಟಿಂಗಿನಲ್ಲಿ ಪರದೆಗಳಿಗೆ ಒಂದು, ಎರಡು ಅಂತ ನಂಬರು. ಎಡಗಡೆದೇ ಒಂದು ಅಂದುಕೊಂಡು ಅದರ ಅಳತೆ ನೂರರಿಂದ ಇನ್ನೂರಕ್ಕೆ ಏರಿಸಿದೆ. ಒಂದು ಅನ್ನೋದು ಬಲಗಡೆದಂತೆ! ಹೆಣ್ಣಿನ ಕಡೆ ಹೆಸರೆಲ್ಲ ಊದಿ ಪರದೆ ದಾಟಿ ಹೋದವು. ಉಳಿದಿದ್ದು ಒಂದು 'ಶ್ರೀ'.

"ನಮ್ಮೋರ್ನೆಲ್ಲಾ ತೆಗೆದೇ ಬುಟ್ರಾ?" ಅಂತ ಚಂದಕವಾಡಿಯವರೂ ಎದ್ದು ನಿಂತರು.

"ಕೂತ್ಕಳ್ರಪ್ಪ! ಪುರಿ ತಿನ್ದೆ ಯಾರೂ ಎದ್ದೋಗಂಗಿಲ್ಲ!" ಅಂತ ಗದರಿದೆ. ಟೇಬಲ್ ಮೇಲಿದ್ದ ಕಾಗದ ನೋಡದೆ ಎಳೆದು ಪುರಿ ಸುರಿದೆ, ಮೇಲೆ ಖಾರಬೂಂದಿ ಹಾಕಿದೆ. ಒಬ್ಬರು ಬಾಗಿಲ ಕಡೆ, ಒಬ್ಬರು ಗೋಡೆ ಕಡೆ ತಿರುಗಿಕೊಂಡು ಗಬಗಬ ತಿಂದರು. ಪುರಿ ಖಾಲಿಯಾಗುತ್ತಾ ಬಂದಂಗೆ ಅಡಿಯಲ್ಲಿ ಅಕ್ಷರ ಕಂಡವು. ಗಣಪತಿ ಕಂಡ. ಆಮೇಲೆ ಇಬ್ಬರ ಅಪ್ಪಂದಿರೂ ಕಂಡರು!

ಹರವೆಯವರು ಹೆಬ್ಬೆರಳಿಟ್ಟು ಆ ಹೆಸರು ಅಳೆದರು, ಈ ಹೆಸರು ಅಳೆದರು. "ಒಂದೇ ಸಮ ಅದೆ ಕಣ್ರೀ ಬೀಗ್ರೆ!"

"ನಾನೇಳ್ನಿಲ್ವಾ?" ಅಂದರು ಅವರು. ಇಬ್ಬರೂ ನಕ್ಕರು, ಹೂಂ ಅಂದರು, ಇನ್ನೊಂದು ಸುತ್ತು ಪುರಿ ಕೇಳಿದರು.

ಗೆದ್ದೆ ಅಂತ ಕಾಲು ಮೇಲೆ ಕಾಲು ಹಾಕಿ ಕೂತಿದ್ದೆ. ರತ್ನ ಬಂದು ಎಣ್ಣೆ ಹತ್ತಿದ ಕಾಗದ ಎತ್ತಿ ಹಿಡಿದಳು.

"ಅತ್ತೆ, ನಾನು ತೋರ್ಸಿ ಅಂದಿದ್ದು ಇದನ್ನೇ!"

ಈಗ ನನ್ನ ಕೈಗೆ ಪುರಿ ಡಬ್ಬ ಒಂದೇ. ಅದಕ್ಕೂ ಎರಡು ಸ್ಟೀಲ್ ತಟ್ಟೆ ತಂದಿಟ್ಟಿದ್ದಾಳೆ. ಕಾಗದ ಮುಟ್ಟೋ ಹಂಗಿಲ್ಲ!